ಬಲಗೈ ಕಡೆಯ ಅರ್ಧ

ಫೆಬ್ರವರಿ 17

ನೆರೆ ಇಳಿದಿದೆ. ಇವತ್ತೂ ಫ್ಲಿಂಡರ್ಸ್ ನದಿ, ಇವತ್ತೂ ಕೆಸರು. ಬಲಗಾಲಿನ ಬೂಟು ಹೂತುಹೋಯಿತು, ಕಾಲು ಮಾತ್ರ ಮೇಲೆ ಬಂತು. ಎಡಗಾಲಿನದು ಹೋದ ವರ್ಷವೇ ಹೋಗಿತ್ತು. ಜೋಡಿಯಾಯಿತು, ನದಿ ಇನ್ನು ಹಾಕಿಕೊಂಡು ಓಡಾಡಬಹುದು.

ಕೊಚ್ಚಿಹೋದ ಬೇಲಿ ನೋಡಿ ಬರುತ್ತೇನೆಂದು ಹೊರಟಿದ್ದೆ. ಗ್ಲೆನಿಸ್ ಜೇಬು ನೋಡಿದಳು. "ಬೇಲಿ ನೋಡೋಕೆ ಉಳಿ ಯಾಕೆ ಕ್ಲೈವ್? ಕಲ್ಲು ನೆಕ್ಕೋಕೆ ಹೋಗ್ತಿದೀನಿ ಅನ್ನು."

ಹೆಂಡತಿ ಹೇಳಿದ್ದು ನಿಜ. ಕಲ್ಲಾದ ಮೂಳೆ ನಾಲಿಗೆಗೆ ಅಂಟುತ್ತೆ, ಬರೀ ಕಲ್ಲು ಅಂಟುವುದಿಲ್ಲ. ಬೇರೆ ಪರೀಕ್ಷೆ ನನಗೆ ಗೊತ್ತಿಲ್ಲ. ವರ್ಷಗಟ್ಟಲೆ ಇದೇ ಕೆಲಸ... ನೆಕ್ಕಿದ್ದು ನೂರು, ದಕ್ಕಿದ್ದು ಚೂರು. ಇವತ್ತಿನದು ಒಣಗಿದ ಸಗಣಿ.

ಫೆಬ್ರವರಿ 18

ಅಂಟಿತು.

ದಡದ ಬೂದು ಜೇಡಿಯಲ್ಲಿ ಬೆನ್ನುಮೂಳೆ, ಬಿಸ್ಕತ್ತು ಜೋಡಿಸಿಟ್ಟ ಹಾಗೆ. ಪಕ್ಕೆಲುಬು. ತುದಿಯಲ್ಲಿ ಉದ್ದ ಮೂತಿ, ಹಲ್ಲು ಸಮೇತ. ಇಕ್ತಿಯೋಸಾರ್! ನಮ್ಮ ದನ ಮೇಯುವ ಈ ಬಯಲು ಕಡಲಾಗಿದ್ದಾಗ ಈಜಿಕೊಂಡಿದ್ದ ಹಲ್ಲಿ. ಊಟದ ಮೇಜಿನಷ್ಟು ಉದ್ದ. ನಾಲಿಗೆ ಒಳಗೆಳೆದುಕೊಳ್ಳುವುದು ಮರೆತು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಊರಿನ ಮ್ಯೂಸಿಯಂ ನೋಡಿಕೊಳ್ಳುವ ವೆರಿಟಿಗೆ ಫೋನ್.

"ತಲೆ ಇದೆಯಾ?"

"ಇದೆ."

"ತಲೆ ಯಾರ ಪಾಲಿನದೋ ಅವರ ಹೆಸರೇ ಮ್ಯೂಸಿಯಂ ಬೋರ್ಡಿನ ಮೇಲೆ. ಬೇಲಿಯ ಯಾವ ಕಡೆ ಇದೆ ಅದು?"

ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಬೇಲಿ ಇದ್ದ ಗೆರೆಯ ಮೇಲೇ ಉದ್ದಕ್ಕೆ ಮಲಗಿದೆ, ಅಳೆದು ಮಲಗಿಸಿದ ಹಾಗೆ. ಗೆರೆಯ ಆಚೆ ಅಣ್ಣ ಡಡ್ಲಿಯ ಜಮೀನು.

ಫೆಬ್ರವರಿ 19

ಡಡ್ಲಿ ಜೊತೆ ಮಾತಿಲ್ಲ — ಹೋದ ವರ್ಷದ ನೆರೆಯಿಂದ. ನದಿಗೆ ಅಡ್ಡ ಇರುವ ಬೇಲಿ ವರ್ಷವೂ ಕೊಚ್ಚಿಹೋಗುತ್ತೆ, ಇಬ್ಬರೂ ಸೇರಿ ಕಟ್ಟುತ್ತೇವೆ. ಅಪ್ಪನ ಕಾಲದ ಪದ್ಧತಿ: ಬೇಲಿಯ ನಡುಮಧ್ಯಕ್ಕೆ ಬಂದು, ಅವರವರ ಜಮೀನಲ್ಲಿ ನಿಂತು ಎದುರುಬದುರಾಗುವುದು, ಬಲಗೈ ಕಡೆಯ ಅರ್ಧ ಅವರವರದು. ಹೋದ ವರ್ಷ ನನ್ನ ಸೊಂಟ ಹಿಡಿದಿತ್ತು. ಎರಡು ದಿನ ತಡಿಯೋ ಅಂದೆ. ಸುತ್ತಲ ಜಮೀನಿನವರೆಲ್ಲ ಮಾತಾಡಿಕೊಳ್ಳುವ ರೇಡಿಯೋದಲ್ಲಿ, ಇಡೀ ಸೀಮೆ ಕೇಳುವ ಹಾಗೆ ಅಂದ: "ಸೊಂಟಾನೂ ನಿಂದು, ಬಲಗೈ ಅರ್ಧಾನೂ ನಿಂದು. ಕಟ್ಟು."

"ಹೋಗಿ ಮಾತಾಡಬಾರ್ದಾ?" ಗ್ಲೆನಿಸ್.

"ಅವನೇ ಬರಲಿ."

"ಹೌದು, ಬರ್ತಾನೆ. ಅಷ್ಟರಲ್ಲಿ ನೀವಿಬ್ರೂ ಕಲ್ಲಾಗಿರ್ತೀರ. ನಾನು ಬಂದು ನೆಕ್ಕಿ ನೋಡ್ತೀನಿ."

ಫೆಬ್ರವರಿ 26

ಮೇಲ್ಗಡೆ ಮತ್ತೆ ಮಳೆಯಂತೆ. ನಾಳೆ ಸಂಜೆಗೆ ನೀರು ಇಲ್ಲಿಗೆ. ಬಂದರೆ ದಡ ಹೋಗುತ್ತೆ, ದಡದ ಜೊತೆ ಹಲ್ಲಿಯೂ. ಎತ್ತಲು ಟ್ರ್ಯಾಕ್ಟರ್ ಬೇಕು. ಟ್ರ್ಯಾಕ್ಟರ್ ಇರುವುದು ಡಡ್ಲಿಯ ಹತ್ತಿರ.

ಹಠ ಬಿಟ್ಟೆ, ಗ್ಲೆನಿಸ್‌ಳ ಬೂಟು ತೊಟ್ಟೆ.

ಡಡ್ಲಿ ಬಾಗಿಲು ತೆಗೆದು ಮೊದಲು ಬೂಟು ನೋಡಿದ. "ಹಳದಿ ಹೂವು ಚೆನ್ನಾಗಿದೆ. ಏನು ಸಮಾಚಾರ?" ಹೇಳಿದೆ. "ಪಾಲು ಹೇಗೆ?" ಅಂದ. ಬಲಗೈ ಪದ್ಧತಿ ಅಂದೆ. ಒಪ್ಪಿದ. ಅವನ ಮಾತನ್ನೇ ಅವನಿಗೆ ತಿನ್ನಿಸಿದ ಖುಷಿ. ರಾತ್ರಿ ಚೆನ್ನಾಗಿ ನಿದ್ದೆ ಬರಬೇಕು.

ಫೆಬ್ರವರಿ 27, ಬೆಳಿಗ್ಗೆ

ಅವನಿಗಿಂತ ಮೊದಲೇ ಹೋಗಿ ನಿಂತೆ. ತಲೆ ನನ್ನ ಬಲಗೈಗೆ. ಡಡ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ನಿಧಾನಕ್ಕೆ ನೋಡಿದ.

"ಲೋ ಕ್ಲೈವ್, ನಿನ್ನ ಮನೆ ಯಾವ ಕಡೆ?"

"ಆ ಕಡೆ."

"ಮತ್ತೆ ನನ್ನ ಜಮೀನಲ್ಲಿ ಯಾಕೋ ನಿಂತಿದೀಯ?"

ಬೇಲಿ ಇಲ್ಲ, ಗುರುತಿಲ್ಲ, ಗೊತ್ತಾಗಲಿಲ್ಲ ಅಂದೆ. "ಹುಟ್ಟಿ ಬೆಳೆದ ಜಾಗ, ಪಾಪ," ಅಂದ. ದಾಟಿ ಈ ಕಡೆ ಬಂದು ನಿಂತೆ. ಎದುರುಬದುರಾದೆವು. ತಲೆ ಅವನ ಬಲಗೈಗೆ, ಬಾಲ ನನ್ನದಕ್ಕೆ. ಬೋರ್ಡಿನ ಮೇಲೆ ಡಡ್ಲಿ, ಬಾಲದ ಹತ್ತಿರ ಹಲ್ಲಿಗಿಂತ ಸಣ್ಣವನಾಗಿ ನಾನು.

ಆದರೂ ಕೂತು ಕೆಲಸ ಮಾಡಿದೆವು. ಎಳೆಯುವಾಗ ಒಡೆಯದಿರಲೆಂದು ಮೂಳೆಗೆ ಮೊದಲು ಒದ್ದೆ ಟಾಯ್ಲೆಟ್ ಪೇಪರ್, ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿ. "ಹತ್ತು ಕೋಟಿ ವರ್ಷ ಆದ್ಮೇಲೆ ಇದಕ್ಕೂ ಪೇಪರ್ ಸಿಕ್ತು ನೋಡು," ಅಂದ. ನಗಬಾರದೆಂದುಕೊಂಡಿದ್ದೆ. ನಕ್ಕೆ.

ನಡುವೆ ಮೊದಲೇ ಬಿರುಕಿತ್ತು. ಹಾಗಾಗಿ ಎರಡು ಕಟ್ಟು. ತಲೆ ಒಂದು, ಬಾಲ ಒಂದು.

ಮಧ್ಯಾಹ್ನ, ನನ್ನ ಗಾಡಿಯಲ್ಲಿ

ಪ್ಲಾಸ್ಟರ್ ಒಣಗಲಿ ಅಂತ ಕಾಯುತ್ತಿದ್ದೇನೆ. ನೀರು ಹೇಳಿದ್ದಕ್ಕಿಂತ ಬೇಗ ಬಂದಿದೆ, ಕಂದು ಬಣ್ಣ, ಮರದ ತುಂಡು ಉರುಳಿಸಿಕೊಂಡು. ಎರಡನ್ನೂ ಎಳೆಯುವಷ್ಟು ಹೊತ್ತಿಲ್ಲ. ಒಂದು ಮಾತ್ರ.

ಡಡ್ಲಿಗೂ ಗೊತ್ತು. ಟ್ರ್ಯಾಕ್ಟರ್ ಅವನದು, ಸರಪಳಿ ಅವನದು, ತಲೆ ಅವನದು. ಕೇಳುವುದೇನಿದೆ. ಬಾಲಕ್ಕೊಂದು ನಮಸ್ಕಾರ ಹಾಕಿ ಕೂತಿದ್ದೇನೆ.

ಸರಪಳಿ ಹಿಡಿದು ಇಳಿಯುತ್ತಿದ್ದಾನೆ. ತಲೆ ದಾಟಿದ. ಎಲ್ಲಿಗೆ ಹೋಗ್ತಿದಾನೆ ಇವನು... ಬಾಲಕ್ಕೆ ಕಟ್ಟುತ್ತಿದ್ದಾನೆ. ಈ ಕಡೆ ತಿರುಗಿ ಕೂಗಿದ: "ನಿಂದೇ ಮೊದ್ಲು ಎಳೀತೀನಿ ಕಣೋ, ನಿನ್ನ ಸೊಂಟ ಸರಿ ಇಲ್ವಲ್ಲ."

ಅಯ್ಯೋ ಕತ್ತೆ, ಬಾಲ ಯಾರಿಗೆ ಬೇಕು. ತಲೆ ಬಿಟ್ಟು... ನೀರು ಮೂತಿ ಮುಟ್ಟಿತು. ನಾನೇ ಇಳಿದು ಹೋಗಿ ಆ ಸರಪಳಿ ಬಿಚ್ಚಿ ತಲೆಗೆ ಕಟ್ಟಬೇಕು.