ನೀಲವ್ವ ಗೋಡೆಗೆ ಎಣಿಕೆ ಕಲಿಸಿದ್ದು

ಇಳಕಲ್, ಫೆಬ್ರವರಿ ಮೂವತ್ತು, ೨೧೮೭

ಮಕ್ಕಳ ಕೈಗೆ ಫೋನು ಕೊಟ್ಟು ಆಟದಲ್ಲೇ ಎಣಿಕೆ ಕಲಿಸುತ್ತಿರುವ ಹಿರಿಯರಿಗೆ ಸಂಗನಬಸಪ್ಪನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಕ್ಯಾಲೆಂಡರನ್ನೂ ತಿದ್ದಿದ್ದಾರೆ. ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಫೋನಿಲ್ಲ, ಆಟಗೋಡೆ ಇದೆ. ಬಾಲವಾಡಿಯ ಗೋಡೆಯೇ ಪರದೆಯಾಗಿ, ಅದರ ಮೇಲೆ ಗಿಳಿಗಳು ಬಂದು ಕೂರುತ್ತವೆ. ಎಷ್ಟಿವೆ ಎಂದು ಮಕ್ಕಳು ಬೆರಳೆತ್ತಿ ತೋರಿಸಬೇಕು. ಸರಿಯಾದರೆ ಗಿಳಿಗಳು ಹಾರಿ, ಕೋಣೆಯ ತುಂಬ ಮಾವಿನ ಹಣ್ಣಿನ ವಾಸನೆ ಬರುತ್ತದೆ. ತಪ್ಪಾದರೆ ಗೋಡೆ ಬೂದು ಬಣ್ಣಕ್ಕೆ ತಿರುಗುತ್ತದೆ. ನನ್ನ ಮೊಮ್ಮಗಳು ನೀಲವ್ವನಿಗೆ ಐದು ವರ್ಷ. ಹಳೆಯ ಹೆಸರುಗಳೇ ಈಗ ಫ್ಯಾಶನ್ನು. ಅವಳು ಎದುರು ನಿಂತಾಗಲೆಲ್ಲ ಗೋಡೆ ಬೂದು. ಅವಳ ಟೀಚರು ಶಾಂಭವಿ ಅಕ್ಕೋರು, ಮಗುವಿಗೆ ಎಣಿಕೆ ಬರುವುದಿಲ್ಲ, ಸೋಮವಾರದಿಂದ ಚಿಕ್ಕವರ ಕೋಣೆಗೆ ಕಳಿಸುತ್ತೇವೆ ಎಂದರು. ಮಗು ಊಟ ಬಿಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ನಾನೇ ಹೋಗಿ ಅವಳ ಪಕ್ಕ ನೆಲದ ಮೇಲೆ ಕುಳಿತೆ. ಏಳು ಗಿಳಿ ಬಂದವು. ಎಲ್ಲರೂ ಗೋಡೆ ನೋಡುತ್ತಿದ್ದರು, ನಾನು ಅವಳ ಕೈ ನೋಡಿದೆ. ಹೆಬ್ಬೆರಳು ಕಿರುಬೆರಳಿನ ಮೂರು ಗೆಣ್ಣು ಮುಟ್ಟಿ, ಉಂಗುರಬೆರಳಿನ ಮೂರು ಮುಟ್ಟಿ, ನಡುಬೆರಳಿನ ಮೊದಲ ಗೆಣ್ಣಿನ ಮೇಲೆ ನಿಂತಿತು. ಅವಳ ಅಜ್ಜಿ ರೊಟ್ಟಿ ಎಣಿಸುವುದು ಹೀಗೆಯೇ. ಏಳು ಸರಿಯಾಗಿಯೇ ಇತ್ತು! ಎತ್ತಿದ ಬೆರಳನ್ನಷ್ಟೇ ಬಲ್ಲ ಗೋಡೆಗೆ ಅದು ತಿಳಿಯಲಿಲ್ಲ.

"ಅಕ್ಕೋರ, ಇಲ್ಲಿ ಬರ್ರಿ!" ಎಂದು ಕೂಗಿದೆ. ನೀಲವ್ವ ಅವರ ಮುಂದೆ ಇನ್ನೊಮ್ಮೆ ಎಣಿಸಿ, "ನನಗ ಬರ್ತೈತ್ರೀ. ಗ್ವಾಡಿಗೇ ಎಣಸಾಕ ಬರಂಗಿಲ್ಲ!" ಎಂದಳು.

ಅಕ್ಕೋರು ನಕ್ಕೇಬಿಟ್ಟರು. ಅವಳ ಕೈಯನ್ನು ಗೋಡೆಯ ಮುಂದೆ ಹಿಡಿದು, ಒಂದೊಂದೇ ಗೆಣ್ಣು ತೋರಿಸುತ್ತ ಗೋಡೆಗೇ ಪಾಠ ಹೇಳಿಸಿದರು. ಗೋಡೆ ಕಲಿಯಿತು. ಸೋಮವಾರ ಹನ್ನೆರಡು ಗಿಳಿ ಬಂದವು. ಎರಡೂ ಕೈ ಎತ್ತಿದ ಮಕ್ಕಳು ಹತ್ತಕ್ಕೇ ತಬ್ಬಿಬ್ಬಾಗಿ ನಿಂತರೆ, ನಮ್ಮ ಹುಡುಗಿ ಒಂದೇ ಕೈಯಲ್ಲಿ ಹನ್ನೆರಡು ಮುಗಿಸಿದಳು. ಮಾವಿನ ವಾಸನೆ ಬೀದಿಯವರೆಗೂ ಬಂತು. ಮುದುಕನಾದ ನಾನು ನಾಚಿಕೆ ಬಿಟ್ಟು ಕುಣಿದೆ. ಈಗ ಊರೂರಿನ ಆಟಗೋಡೆಗಳಿಗೂ ಗೆಣ್ಣಿನ ಎಣಿಕೆ ಬರುತ್ತದೆ.

ನನ್ನದೊಂದು ಕೋರಿಕೆ. ಆಟ ಖಂಡಿತ ಆಡಿಸಿ, ಆದರೆ ಪಕ್ಕದಲ್ಲಿ ಕುಳಿತು ಆಡಿಸಿ. ಫೋನು ತಪ್ಪು ಎಂದಾಗ, ಹೇಗೆ ಎಣಿಸಿದೆ ಎಂದು ಮಗುವನ್ನೇ ಕೇಳಿ. ನಿಮ್ಮ ಮನೆಯಲ್ಲೂ ಒಬ್ಬಳು ಸರಿಯಾಗಿ ಎಣಿಸಿಯೂ, ತನಗೆ ಬರುವುದಿಲ್ಲವೆಂದುಕೊಂಡು ಸುಮ್ಮನೆ ಕುಳಿತಿರಬಹುದು.