ಆರನೆಯವನಿಗೆ ಮುಖವಿಲ್ಲ

9 ಜೂನ್ 1991, ರವಿವಾರ. ಭೋಜ.

ಇದು ನನ್ನ ಕೆಲಸವಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಪೆನ್ನು ಕೊಟ್ಟರೆ ಏನಾಗಬೇಕು? ನಿಪ್ಪಾಣಿಯ ಡಾಕ್ಟರ್ ಹೇಳಿದ — ಬಿಪಿ ನೂರಾ ತೊಂಬತ್ತು, ಸಿಟ್ಟು ಬಂದರೆ ಒದರಬೇಡಿ, ಬರೆಯಿರಿ. ಅವನಿಗೆ ನನ್ನ ಅರ್ಧ ವಯಸ್ಸೂ ಆಗಿಲ್ಲ. ಮನೆಗೆ ಬರುವಷ್ಟರಲ್ಲಿ ಸೋನಾಬಾಯಿ ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಹುಡುಕಿ ಮುಂದಿಟ್ಟಳು. ಐವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು, ಅವಳಿಗೂ ನನ್ನ ಬಾಯಿ ಸಾಕಾಗಿದೆ.

"ಬರೀರಿ. ಹಾಳೀಗೆ ಕಿವಿ ಇರೂದಿಲ್ಲ, ಎಷ್ಟ ಬೇಕ ಅಷ್ಟ ಬೈರಿ."

ಇವತ್ತು ಮೂರು ಸಲ ಒದರಿದೆ. ಬಸ್ ಕಂಡಕ್ಟರನಿಗೆ, ನಳದವನಿಗೆ, ಎಮ್ಮೆಗೆ. ಎಮ್ಮೆಯದನ್ನು ಬರೆಯಬೇಕೋ ಬೇಡವೋ ಡಾಕ್ಟರ್ ಹೇಳಿಲ್ಲ.

12 ಜೂನ್

ಸಿಟ್ಟು ಬರಲಿಲ್ಲ. ಬರೆಯುವುದಿಲ್ಲ.

15 ಜೂನ್, ಶನಿವಾರ

ಬೆಳಿಗ್ಗೆ ಎಂಟಕ್ಕೆ ಗೋಡೆಯ ಆಚೆಯಿಂದ ಮಂಗಲ ಕೂಗಿದಳು — "ದೊಡ್ಡಪ್ಪಾ, ಲಗೂ ಬರ್ರಿ, ಅಪ್ಪ ಬಿದ್ದಾರ!"

ಮಂಗಲ ನನ್ನ ತಮ್ಮ ಧನಪಾಲನ ಮಗಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅದನ್ನು ಕಟ್ಟಿಸಿದವನು ನಾನು. ಮೂವತ್ತೇಳು ವರ್ಷ ನಾನು ಆ ಕಡೆ ಹೋಗಿಲ್ಲ, ಅವನು ಈ ಕಡೆ ಬಂದಿಲ್ಲ. ಮಾತಿಲ್ಲ.

ಇವತ್ತು ಹೋದೆ. ನೆಲದ ಮೇಲೆ ಬಿದ್ದಿದ್ದ. ಬಾಯಿ ಒಂದು ಕಡೆಗೆ ಎಳೆದಿತ್ತು. ಲಕ್ವಾ. ಜೀಪಿನವನು ಕಾಲು ಹಿಡಿದ, ಹೆಗಲು ನಾನು ಹಿಡಿದೆ. ಇಷ್ಟು ಹಗುರ ಯಾವಾಗ ಆದನೋ... ಮೈಯೆಲ್ಲ ಬಣ್ಣದ ಎಣ್ಣೆಯ ವಾಸನೆ. ಕನ್ನಡಕ ಕೆಳಗೆ ಬಿತ್ತು. ಎತ್ತಿ ಕಿಸೆಯಲ್ಲಿ ಹಾಕಿಕೊಂಡೆ.

ಮಿರಜದ ದವಾಖಾನೆಗೆ ಒಯ್ದರು. ನಾನು ಜೀಪು ಹತ್ತಲಿಲ್ಲ.

4 ಜುಲೈ

ಕರೆತಂದರು. ಬಲಗೈ ಹೋಗಿದೆ, ಮಾತು ಹೋಗಿದೆ. ಹೆಂಡತಿ ಮೊದಲೇ ಹೋದವಳು. ಮಂಗಲ ಕರೋಶಿಯಲ್ಲಿ ಟೀಚರ್, ರಜೆ ಮುಗಿದಿದೆ. ಬಾಗಿಲಲ್ಲೇ ನಿಂತು ಕೇಳಿದಳು.

"ದೊಡ್ಡಪ್ಪಾ, ನಾ ಸಾಲಿಗಿ ಹೋಗಿ ಬರೂತನಕ ಅಪ್ಪನ ಹಂತೇಕ ಕೂಡ್ರತೀರೇನ್ರಿ? ಮಾತಾಡಬ್ಯಾಡ್ರಿ. ಬರೇ ಕೂಡ್ರಿ."

"ನಾ ಯಾಕ ಕೂಡ್ರಲಿ? ಬಸದಿ ಗೋಡಿ ಮ್ಯಾಲೆ ನನ್ನ ಮಾರಿ ಬರಿಯೂವಾಗ ನನ್ನ ಕೇಳಿದ್ದನೇನ ನಿಮ್ಮಪ್ಪ?"

ಅವಳು ಹುಟ್ಟುವುದಕ್ಕೂ ಮೊದಲಿನ ಮಾತು ಅದು. ಹೊರಟು ಹೋದಳು. ಸೋನಾಬಾಯಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು, "ಹೋಗ್ರಿ. ಅವರಿಗೆ ಮಾತ ಬರೂದಿಲ್ಲ, ನೀವು ಮಾತಾಡೂದಿಲ್ಲ. ಚಲೋ ಜೋಡಿ ಆತು."

8 ಜುಲೈ, ಸೋಮವಾರ

ಹೋದೆ. ಕುಳಿತೆ. ಅವನು ನನ್ನನ್ನು ನೋಡಿದ, ನಾನು ಜಂತಿ ನೋಡಿದೆ. ಎರಡು ಗಂಟೆಗೆ ನೆನಪಾಯಿತು — ಕನ್ನಡಕ ಇನ್ನೂ ನನ್ನ ಅಂಗಿಯ ಕಿಸೆಯಲ್ಲೇ ಇದೆ. ಮೂರು ವಾರ ಕುರುಡನಂತೆ ಮಲಗಿದ್ದಾನೆ, ಯಾರಿಗೂ ಹೊಳೆದಿಲ್ಲ. ಧೋತರದ ಚುಂಗಿನಿಂದ ಒರೆಸಿ ಮೂಗಿನ ಮೇಲಿಟ್ಟೆ.

ಗೋಡೆಗೆ ಐದು ದೊಡ್ಡ ಚಿತ್ರ ಆನಿಸಿಟ್ಟಿದ್ದಾರೆ. ಎಲ್ಲದರಲ್ಲೂ ಮರ. ಡ್ರಾಯಿಂಗ್ ಮಾಸ್ತರಿಕೆಯಿಂದ ರಿಟೈರ್ ಆದ ಮೇಲೆ ಬೇರೇನೂ ತೆಗೆದಿಲ್ಲವಂತೆ, ವರ್ಷಕ್ಕೊಂದು ಮರ. ಕುಳಿತಲ್ಲಿಂದಲೇ ಗುರುತು ಹತ್ತಿತು. ಆಳೆತ್ತರಕ್ಕೆ ಕವಲು, ಕವಲಿನ ಕೆಳಗೆ ಗಿಳಿಯ ಪೊಟರೆ. ನಮ್ಮ ಹೊಲದ ನೇರಳೆ. ನಾನು ಕಡಿದದ್ದು.

ಎದ್ದು ಹತ್ತಿರ ಹೋಗಲಿಲ್ಲ.

10 ಜುಲೈ

ಸಿಟ್ಟು ಬಂದಿದೆ. ಬರೆಯುತ್ತೇನೆ.

ಅಪ್ಪ ಸತ್ತಾಗ ನನಗೆ ಹತ್ತು ವರ್ಷ, ಧನಪಾಲ ಒಂದರ ಕೂಸು. ನಾನು ಶಾಲೆ ಬಿಟ್ಟೆ. ಅವನನ್ನು ಬೆಳೆಸಿದೆ, ಕೊಲ್ಹಾಪುರಕ್ಕೆ ಚಿತ್ರ ಕಲಿಯಲು ಕಳಿಸಿದೆ. 1952ರಲ್ಲಿ ಅವನು ಅಲ್ಲಿದ್ದಾಗ ಮರ ಕಡಿದೆ. ಅವನು ಅದರ ಕೆಳಗೆ ಕುಳಿತೇ ಚಿತ್ರ ತೆಗೆಯಲು ಕಲಿತದ್ದು. ನೆರಳು ಬಿದ್ದು ತಂಬಾಕು ಹಳದಿಯಾಗುತ್ತಿತ್ತು ಎಂದು ಊರಿಗೆಲ್ಲ ಹೇಳಿದೆ. ಸುದ್ದಿ ತಿಳಿದು ಬಂದ, ಬೊಡ್ಡೆ ನೋಡಿದ, ಅದೇ ದಿನ ತಿರುಗಿ ಹೋದ.

ಎರಡು ವರ್ಷಕ್ಕೆ ಓದು ಮುಗಿಸಿ ಊರಿಗೇ ಮರಳಿದ, ಬಸದಿಯ ಗೋಡೆಯ ಮೇಲೆ ಲೇಶ್ಯೆಯ ಮರ ಬರೆಯುವ ಕೆಲಸ ಅವನಿಗೆ ಬಂತು. ಚಿಕ್ಕಂದಿನಿಂದ ಕೇಳಿದ ಕತೆಯೇ. ಆರು ಜನ ಹಸಿದವರು, ಒಂದು ನೇರಳೆ ಮರ. ಒಬ್ಬ ಬುಡಕ್ಕೇ ಕೊಡಲಿ ಹಾಕೋಣ ಎನ್ನುತ್ತಾನೆ, ಅವನ ಬಣ್ಣ ಕಪ್ಪು. ಕಾಂಡ ಸಾಕು ಎನ್ನುವವನು ನೀಲಿ. ಕೊಂಬೆ ಸಾಕು ಎನ್ನುವವನು ಪಾರಿವಾಳದ ಬಣ್ಣ. ಗೊಂಚಲು ಎನ್ನುವವನು ಹಳದಿ. ಬರೀ ಹಣ್ಣು ಕೀಳೋಣ ಎನ್ನುವವನು ತಾವರೆ ಬಣ್ಣ. ಉದುರಿದ್ದನ್ನೇ ಆರಿಸಿಕೊಂಡು ತಿನ್ನುವವನು ಬಿಳಿ. ಹಸಿವು ಆರೂ ಜನರದ್ದು ಒಂದೇ, ಮನಸ್ಸಿನ ಬಣ್ಣ ಬೇರೆ ಬೇರೆ; ಆ ಬಣ್ಣವೇ ಲೇಶ್ಯೆ.

ಕಪ್ಪು ಮನುಷ್ಯನಿಗೆ ನನ್ನ ಮುಖ ಹಾಕಿದ. ಎತ್ತು ಕೊಂಬು ಹಾಕಿ ಸೀಳಿದ ಎಡ ಹುಬ್ಬನ್ನೂ ಬಿಡಲಿಲ್ಲ. ಬಸದಿಯ ಪಂಚ ಕಾಕಾಸಾಹೇಬ ಸಂತೆಯಲ್ಲಿ ಕೂಗಿ ಕೇಳಿದ, "ಏನ್ರಿ ಜಿನ್ನಪ್ಪ, ಮನ್ಯಾಗ ಒಂದ ಕೊಡ್ಲಿ, ಬಸದ್ಯಾಗ ಒಂದ ಕೊಡ್ಲಿ ಇಟ್ಟೀರೇನು?" ಸಂತೆಯೆಲ್ಲ ನಕ್ಕಿತು. ಆ ವಾರವೇ ಗೋಡೆ ಕಟ್ಟಿಸಿದೆ. ಇವತ್ತಿಗೂ ಬಸದಿಗೆ ಹೋದರೆ ಎಡಕ್ಕೆ ಕತ್ತು ತಿರುಗಿಸುವುದಿಲ್ಲ.

19 ಜುಲೈ, ಮಧ್ಯಾಹ್ನ ಮೂರು

ಗಾಳಿ ಜೋರಾಯಿತು, ಕಿಟಕಿ ಹಾಕಲು ಎದ್ದೆ. ಚಿತ್ರಗಳು ಮುಖಕ್ಕೇ ಬಂದವು. ಪ್ರತಿಯೊಂದರಲ್ಲೂ ಅದೇ ಆರು ಜನ. ಒಂದರಲ್ಲಿ ನೀಲಿಯವನಿಗೆ ಸೀಳಿದ ಹುಬ್ಬು. ಇನ್ನೊಂದರಲ್ಲಿ ಪಾರಿವಾಳದವನಿಗೆ. ಹಳದಿಯವನಿಗೂ. ತಾವರೆಯವನಿಗೂ. ನಾನು, ನಾನು, ನಾನು.

ಒದರಿದೆ. "ಒಂದ ಗೋಡಿ ಸಾಲಲಿಲ್ಲೇನ ನಿನಗ? ಮುಪ್ಪಿನ ಕಾಲಕ್ಕೂ ನನ್ನ ಬಿಡವಲ್ಲಿ!" ಅವನು ಎಡಗೈ ಎತ್ತಿದ. ಏನು ತೋರಿಸುತ್ತಿದ್ದನೋ ನೋಡಲಿಲ್ಲ. ಹೊರಗೆ ಬಂದುಬಿಟ್ಟೆ.

ಇನ್ನು ಹೋಗುವುದಿಲ್ಲ.

6 ಆಗಸ್ಟ್

ಹದಿನೆಂಟು ದಿನ ಹೋಗಿಲ್ಲ. ತಂಬಾಕಿನ ನಾಟಿ ನಡೆದಿದೆ, ಅದೇ ನೆಪ. ನನ್ನ ಬದಲು ಸೋನಾಬಾಯಿ ಹೋಗಿ ಕೂರುತ್ತಾಳೆ. ಇವತ್ತು ಬಂದವಳೇ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅಲ್ರೀ, ನಾ ಒಂದಕ್ಷರ ಕಲ್ತಾಕಿ ಅಲ್ಲ. ನೀವು ನಾಕನೇತ್ತೆ ಕಲ್ತವರು. ನಿಮಗ ಬಣ್ಣ ಎಣಸಾಕ ಬರೂದಿಲ್ಲೇನು?"

"ಏನಂತಿ, ನೆಟ್ಟಗ ಹೇಳು."

"ಚಿತ್ರದ ಹಿಂದ ಇಸ್ವಿ ಬರದಾರ. ಮಂಗಲ ಓದಿ ಹೇಳಿದ್ಲು. ಎಂಬತ್ತೇಳಕ್ಕ ನೀವು ನೀಲಿ. ಎಂಬತ್ತೆಂಟಕ್ಕ ಪಾರಿವಾಳ. ಆಮ್ಯಾಲೆ ಹಳದಿ. ಹ್ವಾದ ವರ್ಷ ತಾವರಿ. ಗೋಡಿ ಮ್ಯಾಲಿನ ಕರೇದರಿಂದ ನಿಮ್ಮನ್ನ ಒಂದೊಂದ ಮೆಟ್ಟ ಹತ್ತಿಸಿಕೋತ ಬಂದಾರ. ನೀವು ಅದಕ್ಕ ಬೈದ ಬಂದೀರಿ."

ಬೆರಳು ಮಡಿಚಿ ಎಣಿಸಿದೆ, ನಾಲ್ಕೇ ಆದವು. ಕೇಳಿದೆ, "ಐದನೇದು?"

"ನಿಮಗ ಕಾಲ ಅದಾವಲ್ಲ."

7 ಆಗಸ್ಟ್, ಬುಧವಾರ

ಹೋದೆ. ಅವನಿಗೆ ಬೆನ್ನು ಮಾಡಿ ನಿಂತು ನೋಡಿದೆ.

ಮರವೂ ಬದಲಾಗಿದೆ. ನೀಲಿ ವರ್ಷದ್ದರಲ್ಲಿ ಎಲೆಗಳು ಒಣಗಿದ ತಂಬಾಕಿನ ಬಣ್ಣ. ಆಮೇಲೆ ಹಸಿರು ಬರುತ್ತಾ ಹೋಗಿದೆ. ತಾವರೆ ವರ್ಷದ್ದರಲ್ಲಿ ಚಿಗುರು ತಾಮ್ರದಂತೆ ಹೊಳೆಯುತ್ತದೆ — ಆ ಮರದ ಚಿಗುರು ಹಾಗೇ ಇತ್ತು, ನನಗೆ ಮರೆತೇ ಹೋಗಿತ್ತು. ಐದನೆಯದರಲ್ಲಿ ಮರದ ತುಂಬ ಹಣ್ಣು. ನೆಲ ಕಾಣದಷ್ಟು ಹಣ್ಣು.

ಅದರಲ್ಲಿ ಸೀಳಿದ ಹುಬ್ಬು ಹುಡುಕಿದೆ. ಯಾರಿಗೂ ಇಲ್ಲ. ಬಿಳಿಯವನು ಬಗ್ಗಿ ಹಣ್ಣು ಆರಿಸುತ್ತಿದ್ದಾನೆ, ಅವನಿಗೆ ಮುಖವೇ ಇಲ್ಲ. ಆ ಜಾಗದಲ್ಲಿ ಕ್ಯಾನ್ವಾಸ್ ಬಟ್ಟೆ ಹಾಗೇ ಖಾಲಿ ಬಿಟ್ಟಿದೆ, ಬರೆಯುವಷ್ಟರಲ್ಲಿ ಬಿದ್ದನಂತೆ. ಬುಡದಲ್ಲಿ ಕೊಡಲಿ ಹಿಡಿದ ಕಪ್ಪು ಮನುಷ್ಯನಿಗೆ ಮಾತ್ರ ಮುಖ ಪೂರ್ತಿಯಾಗಿದೆ. ದಪ್ಪ ಗಾಜಿನ ಕನ್ನಡಕ.

ಧನಪಾಲ.

ತಿರುಗಿದೆ. ನನ್ನನ್ನೇ ನೋಡುತ್ತಿದ್ದ. ನೀರು ಬೇಕೇನೋ ಎಂದು ಕೇಳಿದೆ. ಮೂವತ್ತೇಳು ವರ್ಷದ ಮೇಲೆ ಬೈಗುಳವಲ್ಲದ ಮೊದಲ ಮಾತು. ನೀರು.

21 ಆಗಸ್ಟ್

ದಿನಾ ಹೋಗುತ್ತಿದ್ದೇನೆ. ಅವನಿಗೆ ಎಲ್ಲ ತಿಳಿಯುತ್ತದೆ. ಮಂಗಲ ಹೇಳಿಕೊಟ್ಟಳು — ಎಡಗೈ ಹಿಡಿದು ಕೇಳಬೇಕು, ಹೌದಾದರೆ ಒಂದು ಸಲ ಒತ್ತುತ್ತಾನೆ, ಅಲ್ಲದಿದ್ದರೆ ಎರಡು ಸಲ. ಗಂಜಿ ಬೇಕೇನೋ? ಎರಡು. ಬಾಳೆಹಣ್ಣು? ಒಂದು. ಚಿಕ್ಕಂದಿನ ಚಾಳಿ ಬಿಟ್ಟಿಲ್ಲ.

ಕಪಾಟು ಜಾಡಿಸುವಾಗ ಒಂದು ಡಬ್ಬಿ ಸಿಕ್ಕಿತು. ಒಳಗೆ ಇದ್ದಿಲ ಪುಡಿ. ಮಂಗಲಳನ್ನು ಕೇಳಿದೆ.

"ಅದು ಕರೇ ಬಣ್ಣಕ್ಕರಿ ದೊಡ್ಡಪ್ಪಾ. ಆ ನೇರಲ ಗಿಡದ ಬೊಡ್ಡಿ ತುಂಡ ಸುಟ್ಟು ಅಪ್ಪ ತಾವ ಮಾಡ್ಯಾರ. ಅಂಗಡಿ ಕರೇದು ಎಂದೂ ತರಲಿಲ್ಲ. ಬಸದಿ ಗೋಡೀಗೂ ಇದನ್ನ ಹಚ್ಚಿದ್ರಂತ."

ಡಬ್ಬಿಯಲ್ಲಿ ಇನ್ನು ಒಂದು ಚಿಟಿಕೆ ಉಳಿದಿದೆ. ಮುಚ್ಚಳ ಹಾಕಿ ಅಲ್ಲೇ ಇಟ್ಟೆ. ಬೆರಳು ಕಪ್ಪಾಯಿತು.

2 ಸೆಪ್ಟೆಂಬರ್

ಇದನ್ನು ಸೋನಾಬಾಯಿಗೂ ಹೇಳಿಲ್ಲ. ನೆರಳಿಗಾಗಿ ಕಡಿಯಲಿಲ್ಲ. ತಂಬಾಕು ಹಳದಿಯಾಗಿದ್ದು ನಿಜ, ಎರಡು ಸಾಲು. ಅವತ್ತು ಕೊಲ್ಹಾಪುರದಿಂದ ಕಾಗದ ಬಂತು — ಅಣ್ಣಾ, ನನಗೆ ಹೊಲದ ಕೆಲಸ ಆಗುವುದಿಲ್ಲ, ನಾನು ಇನ್ನು ಊರಿಗೆ ಬರುವುದಿಲ್ಲ. ಓದಿದೆ, ಕೊಡಲಿ ತೆಗೆದುಕೊಂಡೆ. ಅವನಿಗೆ ನೋವಾಗಲಿ ಎಂದೇ ಕಡಿದೆ. ಬುಡಕ್ಕೇ ಹಾಕಿದೆ, ಮತ್ತೆ ಚಿಗುರಬಾರದು ಎಂದು.

ಬಸದಿಯ ಗೋಡೆಯ ಮೇಲೆ ಅವನು ಸರಿಯಾಗಿಯೇ ಬರೆದಿದ್ದ. ಐದನೇ ಚಿತ್ರದಲ್ಲಿ ತನ್ನನ್ನೇ ಕಪ್ಪು ಮಾಡಿಕೊಂಡಿದ್ದಾನೆ, ಅದು ತಪ್ಪು. ಅದನ್ನು ಅವನಿಗೆ ಹೇಳಬೇಕು.

13 ಸೆಪ್ಟೆಂಬರ್, ಶುಕ್ರವಾರ

ದಶಲಕ್ಷಣ ಪರ್ವ ಶುರು. ಹತ್ತು ದಿನಕ್ಕೆ ಹತ್ತು ಧರ್ಮ, ಮೊದಲ ದಿನವೇ ಉತ್ತಮ ಕ್ಷಮೆ. ಸೋನಾಬಾಯಿ ಬಸದಿಯಿಂದ ಬಂದು ಹೇಳಿದಳು, "ಇವತ್ತ ಚಲೋ ದಿನ ಐತಿ. ಏನ ಹೇಳೂದೈತಿ ಹೇಳಿಬಿಡ್ರಿ. ನಿಮ್ಮ ಹೊಟ್ಟ್ಯಾಗ ಏನೋ ಐತಿ, ನನಗ ಗೊತ್ತೈತಿ."

"ಪರ್ವ ಮುಗೀಲಿ. ಕ್ಷಮಾವಾಣಿ ದಿನ ಹೇಳತೀನಿ. ಅವತ್ತ ಊರೆಲ್ಲಾ ಒಬ್ಬರಿಗೊಬ್ಬರು ಕ್ಷಮಾ ಕೇಳತಾರ, ಅವರ ಜೋಡಿ ನಾನೂ ಕೇಳತೀನಿ."

"ಹನ್ನೊಂದ ದಿನ ಐತ್ರಿ ಅದಕ್ಕ."

"ಮೂವತ್ತೇಳ ವರ್ಷ ತಡದಾನ, ಹನ್ನೊಂದ ದಿನ ತಡಿಯೂದಿಲ್ಲೇನು?"

ಹಾಗೆ ಸುಮ್ಮನೆ ಹೋಗಿ ಕೇಳಲು ನನಗೆ ಬರುವುದಿಲ್ಲ. ಅದಕ್ಕೆಂದೇ ಒಂದು ದಿನ ಇದೆ. ಊರೆಲ್ಲ ಬಗ್ಗುವಾಗ ಬಗ್ಗಿದರೆ ಯಾರಿಗೂ ಕಾಣುವುದಿಲ್ಲ.

ಮಧ್ಯಾಹ್ನ ಅವನು ತಾನಾಗಿಯೇ ನನ್ನ ಕೈ ಹಿಡಿದ. ಒಂದು ಸಲ ಒತ್ತಿದ. ನಾನು ಏನೂ ಕೇಳಿರಲಿಲ್ಲ.

17 ಸೆಪ್ಟೆಂಬರ್, ಮಂಗಳವಾರ

ಧನಪಾಲ ಹೋದ. ಬೆಳಿಗ್ಗೆ ಹತ್ತೂವರೆ. ನಾನು ಇನ್ನೂ ಚಪ್ಪಲಿ ಮೆಟ್ಟುತ್ತಿದ್ದೆ.

22 ಸೆಪ್ಟೆಂಬರ್, ರವಿವಾರ

ಇವತ್ತು ಚತುರ್ದಶಿ, ಪರ್ವದ ಕೊನೆಯ ದಿನ. ಸೂತಕ, ಬಸದಿಗೆ ಹೋಗುವಂತಿಲ್ಲ. ನಾಡಿದ್ದು ಊರೆಲ್ಲ ಕ್ಷಮೆ ಕೇಳುವಾಗಲೂ ನಾವು ಮನೆಯಲ್ಲೇ.

ಕಾಕಾಸಾಹೇಬ ಮಾತಾಡಿಸಲು ಬಂದಿದ್ದ. ಅವನಿಗೂ ಮುಪ್ಪಾಗಿದೆ, ಸಂತೆಯ ಮಾತು ನೆನಪೇ ಇಲ್ಲ. ಐದನೇ ಚಿತ್ರ ಬಸದಿಗೆ ಕೊಡಿ, ಬೋರಗಾಂವದಲ್ಲಿ ಒಬ್ಬ ಪೇಂಟರ್ ಇದ್ದಾನೆ, ಮುಖ ತುಂಬಿಸೋಣ ಎಂದ. ಮಂಗಲ ನನ್ನ ಕಡೆ ನೋಡಿದಳು.

"ದೊಡ್ಡಪ್ಪಾ, ಅದು ನಿಮಗ ಬಿಟ್ಟ ಜಾಗಾ. ನೀವು ಹೂಂ ಅನ್ರಿ, ನಿಮ್ಮ ಮುಖಾನ ಹಾಕಸೂಣು."

"ಅವ ಹೇಳ್ಯಾನೇನ ಹಂಗ?"

"ಹೇಳಿಲ್ರಿ. ಆದ್ರ ಲೆಕ್ಕ ಹಂಗ ಬರತೈತಲ್ರಿ."

"ಲೆಕ್ಕ ನನಗ ಹೇಳಬ್ಯಾಡ. ಅದನ್ನ ಯಾರರ ಮುಟ್ಟೀರಿ ನೋಡ್ರಿ!"

ಒದರಿದೆ. ಯಾರಿಗೂ ಬೇಜಾರಾಗಲಿಲ್ಲ. ಅದೇ ನನಗೆ ಬೇಜಾರಾಯಿತು.

ಎಲ್ಲರೂ ಹೋದ ಮೇಲೆ ಅವನ ಕೋಣೆಯಲ್ಲಿ ಕುಳಿತು ಹೇಳಿದೆ. ಕಾಗದ, ಕೊಡಲಿ, ಎಲ್ಲ. ಖಾಲಿ ಹೊರಸಿಗೆ. ಬಾಯಿ ಬಿಟ್ಟು ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ.

ಧನಪಾಲಾ, ಕನ್ನಡಕ ಮತ್ತೆ ನನ್ನ ಕಿಸೆಯಲ್ಲಿದೆ. ಅವತ್ತು ಕೈ ಒತ್ತಿದ್ದು ಯಾವುದಕ್ಕೆ, ನನಗೆ ಗೊತ್ತಾಗಲಿಲ್ಲ. ನನ್ನ ನಿಜ ಕೇಳುವ ಮೊದಲೇ ನೀನು ಒತ್ತಿದೆ, ಅದು ಲೆಕ್ಕಕ್ಕಿಲ್ಲ. ಈಗ ಕೇಳಿದ್ದೀಯ. ಆ ಬಿಳಿಯವನು ನಾನೋ, ಅಲ್ಲವೋ? ನಾನಾದರೆ ಒಂದು ಸಲ, ಅಲ್ಲದಿದ್ದರೆ ಎರಡು. ಮಂಗಳವಾರ ಇಪ್ಪತ್ನಾಲ್ಕು, ಕ್ಷಮಾವಾಣಿ. ಅಷ್ಟರೊಳಗೆ ಹೇಳು.