ನೀರು ತುಂಬಿಸುವ ಕೆಲಸ

ರಾಂಚಿ
ಜನವರಿ ೧೯

ಚಿಣ್ಣಪ್ಪ ಸರ್‌ಗೆ, ನಿಮ್ಮ ಹಳೇ ಹಾಕಿ ಟೀಮಿನ ರಂಜಿತಾಳ ನಮಸ್ಕಾರಗಳು.

ಎರಡನೇ ಬಿ.ಕಾಂ. ಅರ್ಧಕ್ಕೆ ಬಿಟ್ಟು ಲೀಗ್ ತಂಡಕ್ಕೆ ಸಹಿ ಹಾಕಿದಾಗ, ಡಿಗ್ರಿ ಮುಗಿಸಿ ಹೋಗು ಎಂದಿದ್ದಿರಿ. ನಾನು ಕೇಳಲಿಲ್ಲ. ಇಲ್ಲಿ ಊಟ ಚೆನ್ನಾಗಿದೆ. ಮಂಡಿನೋವು ಈಗ ಪರವಾಗಿಲ್ಲ.

ಗೋಲು ತಲೆಗೇರಬಾರದೆಂದು, ಗೋಲು ಹೊಡೆದವಳೇ ಮರುದಿನ ಎಲ್ಲರ ಬಾಟಲಿಗೂ ನೀರು ತುಂಬಿಸಬೇಕು ಎಂಬ ನಿಯಮ ಮಾಡಿದ್ದಿರಲ್ಲ ಸರ್, ಇಲ್ಲಿ ಆ ಕೆಲಸ ಆಟಕ್ಕಿಳಿಯದೆ ಬೆಂಚಿನಲ್ಲಿ ಕೂತವರದ್ದು. ಹೋದ ವಾರ ಶಿರಂಗಾಲದಿಂದ ಅವ್ವ ಫೋನ್ ಮಾಡಿದ್ದಳು. ನನಗೆ ಸುಸ್ತಾಗಿತ್ತು. "ದಿನಾ ನೀರು ತುಂಬ್ಸದೇ ಕೆಲ್ಸ ಆಗೈತೆ ಕಣವ್ವ" ಎಂದುಬಿಟ್ಟೆ. ಅವಳಿಗೆ ಕಾಲೇಜಿನ ನಿಯಮ ಮಾತ್ರ ಗೊತ್ತು. "ದಿನಾನೂ ಗೋಲಾ ಮಗಾ?" ಎಂದು ಖುಷಿಗೆ ಅತ್ತಳು. ನಾನು ತಿದ್ದದೆ ಫೋನ್ ಇಟ್ಟೆ. ನಮ್ಮ ಮನೆಯ ಟೀವಿಯಲ್ಲಿ ನಮ್ಮ ಪಂದ್ಯ ತೋರಿಸುವ ಚಾನೆಲ್ ಬರುವುದಿಲ್ಲ.

ಶನಿವಾರ ಅವಳು ಬಾಳೆಗೊನೆ ಹೊತ್ತು ವಿರಾಜಪೇಟೆಗೆ, ನಿಮಗೆ ಕೊಡಲೆಂದೇ ಬರುತ್ತಾಳಂತೆ. ದಯವಿಟ್ಟು ತೆಗೆದುಕೊಳ್ಳಿ. ನನ್ನ ಬಗ್ಗೆ ಏನು ಹೇಳಿದರೂ ಹೂಂ ಅನ್ನಿ, ಸಾಕು.

ಇನ್ನೊಂದು ವಿಷಯ. ಸಹಿ ಹಾಕಿದವರು ಮತ್ತೆ ಕಾಲೇಜು ಟೀಮಿಗೆ ಆಡುವಂತಿಲ್ಲ ಎಂಬುದು ಗೊತ್ತು. ಜೂನ್‌ನಲ್ಲಿ ಕ್ಲಾಸಿಗಾದರೂ ಸೇರಿಸಿಕೊಳ್ಳುತ್ತಾರಾ, ಆಫೀಸಿನಲ್ಲಿ ಒಂದು ಮಾತು ವಿಚಾರಿಸಿ ಸರ್. ಸಂಜೆ ಗ್ರೌಂಡಿಗೆ ಬರುತ್ತೇನೆ. ಹುಡುಗಿಯರು ಆಡಲಿ, ಬಾಟಲಿಗಳಿಗೆ ನಾನೇ ನೀರು ತುಂಬಿಸಿಡುತ್ತೇನೆ. ಅವ್ವ ಬಂದು ನೋಡಿದರೂ ಖುಷಿಯಾಗಿಯೇ ವಾಪಸು ಹೋಗುತ್ತಾಳೆ.

ನಿಮ್ಮ ಮಾತು ಕೇಳದ
ರಂಜಿತಾ